ಬೈಪಾಸ್ ಆದ ಮೇಲೂ ಬಿಡದ ಎದೆನೋವು: ‘ರೆಡ್ಯೂಸರ್’ ಹಾಕಿಸಬಹುದೇ?

ತುಂಗಾತೀರ (ಪ್ರಶ್ನೆ):
ನನ್ನ ತಂದೆಯವರಿಗೆ 71 ವರ್ಷ. ಹಿಂದೆ ಬೈಪಾಸ್ ಆಗಿದೆ, ಆಮೇಲೆ ಸ್ಟೆಂಟ್‌ಗಳನ್ನೂ ಹಾಕಿದ್ದಾರೆ. ಮೆಟೊಪ್ರೊಲಾಲ್, ನೈಟ್ರೇಟ್, ರಾನೊಲಜೀನ್ ಎಲ್ಲವನ್ನೂ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಮನೆಯ ಮೆಟ್ಟಿಲು ಹತ್ತಿದರೆ ಎದೆ ಹಿಂಡಿದಂತಾಗಿ ನಾಲಿಗೆಯಡಿ ಮಾತ್ರೆ ಇಟ್ಟುಕೊಳ್ಳಬೇಕಾಗುತ್ತದೆ. ಉಳಿದ ಅಡಚಣೆಗಳು ತೀರ ಸಣ್ಣ ಕವಲುಗಳಲ್ಲಿರುವುದರಿಂದ ಮತ್ತೆ ಸ್ಟೆಂಟ್ ಹಾಕಲಾಗದು ಎಂದ ವೈದ್ಯರು, ಕರೋನರಿ ಸೈನಸ್ ರೆಡ್ಯೂಸರ್ ಎಂಬ ಸಾಧನದ ಬಗ್ಗೆ ಯೋಚಿಸುವಂತೆ ಹೇಳಿದ್ದಾರೆ. ಇದು ಹೇಗೆ ಕೆಲಸ ಮಾಡುತ್ತದೆ, ನಂಬಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹೃದ್ರೋಗ ವಿಭಾಗದ ವೈದ್ಯ:
ಹೃದಯದ ಸ್ನಾಯುವಿಗೆ ಉಣಿಸಿದ ರಕ್ತ ಹಿಂದಿರುಗಿ ಬಂದು ಸೇರುವ ದೊಡ್ಡ ಅಭಿಧಮನಿಯೇ ಕರೋನರಿ ಸೈನಸ್. ಕುತ್ತಿಗೆಯ ಅಭಿಧಮನಿಯ ಮೂಲಕ ಕ್ಯಾಥೆಟರ್ ತೂರಿಸಿ, ನಡು ಸಣ್ಣಗಿರುವ ಡಮರುವಿನಂಥ ಉಕ್ಕಿನ ಜಾಲರಿಯೊಂದನ್ನು ಅಲ್ಲಿ ಬಲೂನಿನಿಂದ ಅರಳಿಸುತ್ತಾರೆ. ಅದರ ನಡುವಿನ ದಾರಿ ಸುಮಾರು 3 ಮಿ.ಮೀ. ಮಾತ್ರ. ಹೊರಹೋಗುವ ದಾರಿ ಕಿರಿದಾಗಿ ಅದರ ಹಿಂಬದಿಯಲ್ಲಿ ಒತ್ತಡ ಏರಿದಾಗ, ರಕ್ತದ ಕೊರತೆಯಿಂದ ಹೆಚ್ಚು ಬಳಲುವ ಒಳಪದರಕ್ಕೆ ರಕ್ತ ಹಂಚಿಕೆಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಜಾಲರಿಯ ಮೇಲೆ ಅಂಗಾಂಶ ಬೆಳೆದ ಮೇಲಷ್ಟೇ ಈ ಕಿರಿದಾಗುವಿಕೆ ಪೂರ್ಣವಾಗುವುದರಿಂದ ಫಲ ಕಾಣಲು ಕೆಲವು ವಾರಗಳು ಬೇಕು. ಹಾಕಿಸಿದ ಮರುದಿನ ನೋವು ಹಾಗೆಯೇ ಇದೆಯೆಂದು ಎದೆಗುಂದಬಾರದು.

ಪುರಾವೆಯ ವಿಷಯ ಹೀಗಿದೆ. 2015ರಲ್ಲಿ ಪ್ರಕಟವಾದ ಕೊಸಿರಾ ಪ್ರಯೋಗದಲ್ಲಿ 104 ರೋಗಿಗಳಿದ್ದರು. ಸಾಧನ ಪಡೆದವರಲ್ಲಿ ಶೇ. 35 ಮಂದಿಗೆ ನೋವಿನ ತೀವ್ರತೆಯನ್ನು ಅಳೆಯುವ ದರ್ಜೆ ಎರಡು ಹಂತವಾದರೂ ಇಳಿಯಿತು. ಸಾಧನ ಹಾಕದೆ ನಕಲಿ ಕ್ರಿಯೆಗಷ್ಟೇ ಒಳಗಾದವರಲ್ಲಿ ಈ ಪ್ರಮಾಣ ಶೇ. 15. ಬ್ರಿಟನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಆರ್ಬಿಟಾ-ಕಾಸ್ಮಿಕ್ ಪ್ರಯೋಗದಲ್ಲಿ ಎಂಆರ್‌ಐ ಅಳತೆಯಂತೆ ಹೃದಯಸ್ನಾಯುವಿನ ರಕ್ತಹರಿವು ಹೆಚ್ಚಲಿಲ್ಲ, ಆದರೂ ದಿನನಿತ್ಯದ ನೋವಿನ ಸಂದರ್ಭಗಳು ಕಡಿಮೆಯಾದವು. ಅಂದರೆ ನೋವು ತಗ್ಗುವುದಕ್ಕೆ ಆಧಾರವಿದೆ, ಆಯುಷ್ಯ ಹೆಚ್ಚುತ್ತದೆ ಎನ್ನುವುದಕ್ಕೆ ಇಲ್ಲ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಅನುಮತಿ ನೀಡುವ ಎಫ್‌ಡಿಎಯ ಸಲಹಾ ಸಮಿತಿ 2020ರಲ್ಲಿ, ಪರಿಣಾಮಕಾರಿತ್ವದ ಪುರಾವೆ ಸಾಲದೆಂದು ಬಹುಮತದಿಂದ ತೀರ್ಮಾನಿಸಿತ್ತು. ಹಾಕಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಔಷಧಗಳೆಲ್ಲ ಪೂರ್ಣ ಪ್ರಮಾಣದಲ್ಲಿ ನಡೆದಿದ್ದೂ ಮೆಟ್ಟಿಲು ಹತ್ತಲಾಗದ ವ್ಯಕ್ತಿಗೆ ಇದು ಯೋಗ್ಯವಾದ ಆಯ್ಕೆಯೇ.

ನೋವು ನಿವಾರಣಾ ತಜ್ಞೆ:
ಬೆನ್ನುಹುರಿ ಪ್ರಚೋದಕ ಎಂಬ ಮತ್ತೊಂದು ಸಾಧನವೂ ಇದೆ. ಬೆನ್ನುಹುರಿಯ ಹೊರಪೊರೆಯ ಬಳಿ ತಂತಿಯಿರಿಸಿ, ಚರ್ಮದಡಿಯ ಬ್ಯಾಟರಿಯಿಂದ ಮಂದವಾದ ವಿದ್ಯುತ್ ಹರಿಸುತ್ತಾರೆ. ಆಂಜೈನಾಕ್ಕೆ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗೆ) ಇದರ ಬಳಕೆ 1987ರಿಂದಲೂ ವರದಿಯಾಗಿದೆ. ನೋವು ಮುಚ್ಚಿಹೋಗಿ ಹೃದಯಾಘಾತ ಗೊತ್ತಾಗದೆ ಉಳಿದೀತೇ ಎಂಬ ಭಯ ಸಹಜ, ಆದರೆ ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ಆದರೂ ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ನೀಡುವ ನೈಸ್ ಸಂಸ್ಥೆ 2008ರಲ್ಲಿ, ರಕ್ತದ ಕೊರತೆಯಿಂದಾಗುವ ನೋವಿಗೆ ಇದನ್ನು ಸಂಶೋಧನೆಯ ಹೊರಗೆ ಶಿಫಾರಸು ಮಾಡಲಿಲ್ಲ. ಹೀಗಾಗಿ ನಿಮ್ಮ ತಂದೆಯವರಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಸೂಚಿಸಲಾರೆ.

ತುಂಗಾತೀರ:
ಇಬ್ಬರಿಗೂ ಕೃತಜ್ಞತೆಗಳು. ಒಪ್ಪಿಗೆ ಕೊಡುವ ಮುನ್ನ ವೈದ್ಯರನ್ನು ಏನೇನು ಕೇಳಬೇಕು?

ಹೃದ್ರೋಗ ವಿಭಾಗದ ವೈದ್ಯ:
ಮೊದಲನೆಯದಾಗಿ, ಈ ನೋವು ರಕ್ತದ ಕೊರತೆಯಿಂದಲೇ ಬರುತ್ತಿದೆಯೆಂದು ಸ್ಟ್ರೆಸ್ ಎಂಆರ್‌ಐ (ಹೃದಯಕ್ಕೆ ಶ್ರಮ ಕೊಟ್ಟು ಮಾಡುವ ಎಂಆರ್‌ಐ) ಅಥವಾ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಖಚಿತವಾಗಿದೆಯೇ ಎಂದು ಕೇಳಿ. ಆ ಕೊರತೆ ಎಡಭಾಗದ ರಕ್ತನಾಳಗಳ ವ್ಯಾಪ್ತಿಯಲ್ಲಿದ್ದರೆ ಸಾಧನಕ್ಕೆ ಹೆಚ್ಚು ಅರ್ಥವಿದೆ. ಬಲಭಾಗದಿಂದ ಹಿಂದಿರುಗುವ ರಕ್ತದ ಒಂದು ಪಾಲು ಕರೋನರಿ ಸೈನಸ್‌ಗೆ ಬರುವುದೇ ಇಲ್ಲ. ಹೃದಯದ ಪಂಪಿಂಗ್ ಕುಗ್ಗಿದ್ದರೆ ಇನ್ನೊಂದು ಪ್ರಶ್ನೆಯನ್ನು ಮರೆಯಬೇಡಿ. ಮುಂದೆ ಸಿಆರ್‌ಟಿ ಪೇಸ್‌ಮೇಕರ್ (ಹೃದಯದ ಎರಡೂ ಬದಿಗಳು ಒಟ್ಟಿಗೆ ಮಿಡಿಯುವಂತೆ ಮಾಡುವ ಸಾಧನ) ಬೇಕಾದರೆ ಅದರ ತಂತಿಯೂ ಇದೇ ದಾರಿಯಲ್ಲಿ ಹೋಗಬೇಕಾದ್ದರಿಂದ, ಆ ಸಾಧ್ಯತೆಯನ್ನು ಈಗಲೇ ಚರ್ಚಿಸಬೇಕು. ನೋವು ಇದ್ದಕ್ಕಿದ್ದಂತೆ ಹೆಚ್ಚಿದರೆ, ವಿಶ್ರಾಂತಿಯಲ್ಲಿದ್ದಾಗಲೂ ಬಂದರೆ, ಯಾವ ಸಾಧನದ ಯೋಚನೆಯನ್ನೂ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.