ಪದಚರ್ಚೆ: ಚಹಾದ ಆಂಟಿಆಕ್ಸಿಡೆಂಟ್ ರಕ್ತಕ್ಕೆ ಸೇರುವುದನ್ನು ‘ಅವಶೋಷಣೆ’ ಎನ್ನಬಹುದೇ?

ಮಾನ್ಯರೇ,

ನಾಳೆ ಅಚ್ಚಿಗೆ ಹೋಗಲಿರುವ ಆರೋಗ್ಯ ಕರಪತ್ರದಲ್ಲಿ ‘ಕೆಫೀನು ಚಹಾದ ಉತ್ಕರ್ಷಣ ನಿರೋಧಕಗಳ ಅವಶೋಷಣೆಯನ್ನು ತಡೆಯುತ್ತದೆ’ ಎಂಬ ವಾಕ್ಯವನ್ನು ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ.

‘ಅವಶೋಷಣೆ’ ಎಂದರೆ ಕನ್ನಡದ ಓದುಗರಿಗೆ ನೆನಪಾಗುವುದು ಕೂಲಿಕಾರರ ಶೋಷಣೆಯೇ ಹೊರತು ಕರುಳಿನ ಕೆಲಸವಲ್ಲ. ಸದಸ್ಯರೊಬ್ಬರು ಸೂಚಿಸಿದ ‘ಮೈಗೆ ಹತ್ತುವುದು’ ಸೊಗಸಾದ ನುಡಿಯಾದರೂ, ಅದು ತಿಂದದ್ದು ರಕ್ತಮಾಂಸವಾಗುವವರೆಗಿನ ಎಲ್ಲವನ್ನೂ ಒಳಗೊಳ್ಳುತ್ತದೆ. ಇಲ್ಲಿ ಬೇಕಾಗಿರುವುದು ಸಣ್ಣ ಕರುಳಿನ ಗೋಡೆಯನ್ನು ದಾಟಿ ರಕ್ತಕ್ಕೆ ಸೇರುವ ಒಂದು ಹಂತ ಮಾತ್ರ. ಕುಡಿದ ಕೆಫೀನು ಹೆಚ್ಚುಕಡಿಮೆ ಪೂರ್ತಿ ದಾಟುತ್ತದೆ, ಚಹಾದ ಮುಖ್ಯ ಆಂಟಿಆಕ್ಸಿಡೆಂಟುಗಳಾದ ಕೆಟೆಚಿನ್‌ಗಳು ತೀರ ಸ್ವಲ್ಪ ದಾಟುತ್ತವೆ. ಇದಕ್ಕೆ ‘ಹೀರಿಕೆ’ ಸಾಕು.

ಆಂಟಿಆಕ್ಸಿಡೆಂಟಿಗೆ ಬಳಸಿರುವ ‘ಉತ್ಕರ್ಷಣ ನಿರೋಧಕ’ವಂತೂ ಏಳಿಗೆಗೆ ಅಡ್ಡಬರುವ ವಸ್ತುವಿನಂತೆ ಕೇಳಿಸುತ್ತದೆ. ಚಹಾದ ಮಟ್ಟಿಗಾದರೂ ನಮ್ಮಲ್ಲಿ ಒಗರು ರುಚಿಯ ವಸ್ತುವಿಗೆ ‘ಚೊಗರು’ ಎಂಬ ಪದ ಇದೆ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ತಮಿಳಿನ ‘ತುವರ್’, ನಮ್ಮ ‘ತೊಗರು’ ಇದರ ನಂಟರು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸವನ್ನು ಇಂದಿಗೂ ಚೊಗರು ಎನ್ನುತ್ತಾರೆ, ಮತ್ತು ಅದರಲ್ಲಿರುವುದೂ ಕೆಟೆಚಿನ್ ಕುಲದ ವಸ್ತುಗಳೇ. ನಾಲಗೆ ಗುರುತಿಸಿದ್ದನ್ನೇ ಈ ಪದ ಹೇಳುತ್ತದೆ.

ಕೆಫೀನಿಗೂ ಹೊಸಪದ ಕಟ್ಟಬೇಕೆಂಬ ಹಟವನ್ನು ನಾನು ಒಪ್ಪಲಾರೆ. 1819ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ರುಂಗೆ ಕಾಫಿಯಿಂದ ಬೇರ್ಪಡಿಸಿದ ವಸ್ತುವೇ 1827ರಲ್ಲಿ ಚಹಾದಲ್ಲಿ ಸಿಕ್ಕಾಗ ಅದನ್ನು ‘ಥೀನ್’ ಎಂದು ಕರೆದರು. ಎರಡೂ ಒಂದೇ ಎಂದು ತಿಳಿಯಲು 1838ರವರೆಗೆ ಕಾಯಬೇಕಾಯಿತು. ಒಂದೇ ವಸ್ತುವಿಗೆ ಎರಡು ಹೆಸರಿಟ್ಟು ಆ ಗೊಂದಲವನ್ನು ನಾವೂ ತಂದುಕೊಳ್ಳಬೇಕೇ?

ಇನ್ನು ‘ತಡೆಯುತ್ತದೆ’ ಎಂಬ ಕ್ರಿಯಾಪದ. ಹಾಲು ಹಾಕದ ಗಟ್ಟಿ ಚಹಾವನ್ನು ಫ್ರಿಜ್ಜಿನಲ್ಲಿಟ್ಟು ನೋಡಿ: ಕೆಫೀನೂ ಚೊಗರೂ ಒಂದಕ್ಕೊಂದು ಅಂಟಿಕೊಂಡು ಚಹಾ ಕದಡಿದಂತಾಗುತ್ತದೆ, ಬಿಸಿಮಾಡಿದರೆ ಮತ್ತೆ ತಿಳಿಯಾಗುತ್ತದೆ. ಲೋಟದಲ್ಲಿ ಕಂಡ ಈ ಅಂಟನ್ನು ನಂಬಿ ಕರುಳಿನಲ್ಲೂ ತಡೆಯಾಗುತ್ತದೆ ಎಂದು ಬರೆಯಲಾಗದು. ಕೆಫೀನು ಜೊತೆಗಿದ್ದಾಗ ರಕ್ತದಲ್ಲಿ ಕೆಟೆಚಿನ್ ಹೆಚ್ಚಾಗಿ ಕಂಡದ್ದೂ ಇದೆ. ಚಹಾದಿಂದ ನಿಜವಾಗಿ ತಡೆ ಬೀಳುವುದು ಸೊಪ್ಪು, ಕಾಳುಗಳ ಕಬ್ಬಿಣದ ಹೀರಿಕೆಗೆ, ಅದೂ ಚೊಗರಿನಿಂದ.

ಆದುದರಿಂದ ಅಚ್ಚಿಗೆ ಹೀಗೆ ಕಳುಹಿಸಿ: ‘ಚಹಾದ ಚೊಗರನ್ನು ಕರುಳು ಎಷ್ಟು ಹೀರಿಕೊಳ್ಳುತ್ತದೆ ಎಂಬುದು ಕೆಫೀನಿನಿಂದ ಬದಲಾಗಬಹುದು.’