ಒಂದೇ ಮನೇಲಿ ವೆಜ್ಜು, ನಾನ್‌ವೆಜ್ಜು ಎರಡೂ ಇದ್ರೆ ಕಮ್ಮಿ ಖರ್ಚಲ್ಲಿ ಹೆಂಗ್ ನಿಭಾಯಿಸ್ತೀರಾ?

ನಮ್ಮನೇಲಿ ಐದು ಜನ. ನಾನು, ನಮ್ಮಮ್ಮ ವೆಜ್ಜು, ಅದ್ರಲ್ಲೂ ಅಮ್ಮ ಮೊಟ್ಟೆಗೆ ತಾಗಿದ ಸೌಟನ್ನೂ ಮುಟ್ಟಲ್ಲ. ಯಜಮಾನ್ರು, ಮೈದುನ ಇಬ್ರಿಗೂ ವಾರಕ್ಕೆ ಮೂರು ದಿನ ಬಾಡು ಬೇಕು. ಮಗನಿಗೆ ಒಂಬತ್ತು ವರ್ಷ, ಅವನು ಮೊಟ್ಟೆ ಮಾತ್ರ ತಿಂತಾನೆ. ಬೆಂಗಳೂರಲ್ಲಿ ಬಾಡಿಗೆ ಮನೆ, ಇಬ್ರು ದುಡಿದ್ರೂ ತಿಂಗಳ ಕೊನೇಲಿ ಕೈ ಖಾಲಿ. ದಿನಾ ಎರಡೆರಡು ಅಡುಗೆ ಮಾಡಿ ಸಾಕಾಗಿದೆ, ಗ್ಯಾಸ್ ಸಿಲಿಂಡರ್ ಒಂದು ತಿಂಗಳೂ ಬರ್ತಿಲ್ಲ. ಇಂಥ ಮನೆ ಇರೋರು ದಯವಿಟ್ಟು ನಿಮ್ಮ ಅನುಭವ ಹೇಳಿ. "ಎಲ್ರೂ ವೆಜ್ಜಾಗಿ" ಅನ್ನೋ ಉಪದೇಶ ಬೇಡ, ಆಯ್ತಾ.

ಮಂಡ್ಯದ ಸೊಸೆ

ಅಕ್ಕ, ನನ್ನ ಮನೇನೇ ನೋಡ್ದಂಗಾಯ್ತು. ನಾನು ವೆಜ್ ಮನೆ ಹುಡುಗಿ, ಕೊಟ್ಟಿದ್ದು ಅಂತ ಅಲ್ಲ ನಾನೇ ಇಷ್ಟಪಟ್ಟು ಬಂದಿದ್ದು ಮಂಡ್ಯ ಕಡೆ ಮನೆಗೆ, ಮೊದಲೆರಡು ವರ್ಷ ಭಾನುವಾರ ಬಂತು ಅಂದ್ರೆ ಅಳು ಬರೋದು, ಅವರಿಗೊಂದು ಮಸಾಲೆ ರುಬ್ಬು ನನಗೊಂದು ಸಾರು ಇಡು, ಊಟಕ್ಕೆ ಕೂತಾಗ ಮೂರು ಗಂಟೆ. ಆಮೇಲೆ ಒಂದಿನ ನಮ್ಮತ್ತೆನೇ ಹೇಳಿದ್ರು, "ಅಲ್ಲ ಕಣವ್ವ, ಖಾರ ಎರಡಕ್ಕೂ ಒಂದೇ ತಾನೆ, ಒಂದೇ ಸಲ ರುಬ್ಬು" ಅಂತ. ಅಷ್ಟೇ ಸಾಕಾಯ್ತು.

ನಾನು ಮಾಡೋದು ಹಿಂಗೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಚಕ್ಕೆ ಲವಂಗ, ಕೊತ್ತಂಬರಿ ಸೊಪ್ಪು, ಸಾರಿನ ಪುಡಿ, ಸ್ವಲ್ಪ ತೆಂಗಿನಕಾಯಿ, ಒಂದು ಹಿಡಿ ಹುರಿಗಡಲೆ ಹಾಕಿ ನುಣ್ಣಗೆ ರುಬ್ತೀನಿ. ಕಾಯಿ ರೇಟು ಏರಿದಾಗ ಕಾಯಿ ಅರ್ಧ ಮಾಡಿ ಹುರಿಗಡಲೆ ಜಾಸ್ತಿ ಮಾಡ್ತೀನಿ, ಸಾರು ಗಟ್ಟಿನೂ ಬರುತ್ತೆ ಯಾರಿಗೂ ಗೊತ್ತೂ ಆಗಲ್ಲ. ದೊಡ್ಡ ಪಾತ್ರೇಲಿ ಒಗ್ಗರಣೆ, ಟೊಮೇಟೊ, ಮಸಾಲೆ ಎಲ್ಲ ಹಾಕಿ ಹಸಿ ವಾಸನೆ ಹೋಗೋವರೆಗೂ ಕುದಿಸಿ, ಮೊಳಕೆ ಬಂದ ಹುರುಳಿಕಾಳು ಮತ್ತೆ ಆಲೂಗಡ್ಡೆ ಬೇಯಿಸಿಟ್ಟಿರ್ತೀನಲ್ಲ ಅದನ್ನ ಹಾಕೋದು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಇದು ಎಲ್ಲರ ಸಾರು. ಅದರ ಪಕ್ಕ ಪುಟ್ಟ ಕುಕ್ಕರಲ್ಲಿ ಅರ್ಧ ಕೆಜಿ ಚಿಕನ್ನು ಅರಿಶಿನ ಉಪ್ಪು ಹಾಕಿ ಬೇಯ್ತಿರುತ್ತೆ. ಮೊದಲು ವೆಜ್ಜಿನೋರಿಗೆ ಎಷ್ಟು ಬೇಕೋ ಬೇರೆ ಪಾತ್ರೆಗೆ ತೆಗೆದು ಮುಚ್ಚಿ ದೂರ ಇಟ್ಬಿಡ್ತೀನಿ, ಆಮೇಲೆ ಉಳಿದ ಸಾರಿಗೆ ಚಿಕನ್ನು, ಅದು ಬೆಂದ ನೀರು ಎಲ್ಲ ಸುರಿದು ಒಂದು ಕುದಿ. ಕಾಳೂ ಇರುತ್ತೆ ಪೀಸೂ ಇರುತ್ತೆ, ಮುದ್ದೆ ಜೊತೆಗೆ ಅದರ ರುಚಿನೇ ಬೇರೆ. ಮೊದಲು ಮೂರು ಜನಕ್ಕೆ ಒಂದು ಕೆಜಿ ತರ್ತಿದ್ವಿ, ಈಗ ಕಾಳು ಇರೋದ್ರಿಂದ ಅರ್ಧ ಕೆಜಿಗೆ ಯಾರೂ ಗೊಣಗಲ್ಲ. ನಮ್ ಕಡೆ ಚಿಕನ್ 240 ಅಂತ ಇಟ್ಕೊಂಡ್ರೂ ಒಂದು ಭಾನುವಾರಕ್ಕೆ 120 ಉಳೀತಲ್ಲ.

ಒಂದು ಮಾತು, ವೆಜ್ಜಿನ ಪಾಲು ಮೊದಲು ತೆಗೀರಿ. ಒಂದ್ಸಲ ಫೋನಲ್ಲಿ ಮಾತಾಡ್ತಾ ಚಿಕನ್ ತಿರುವಿದ ಸೌಟನ್ನೇ ನನ್ನ ಪಾತ್ರೆಗೆ ಅದ್ದಿಬಿಟ್ಟೆ, ಅವತ್ತು ನನ್ನ ನಾದಿನಿ ಬಂದಿದ್ಲು, ಅವಳು ನನಗಿಂತ ಕಟ್ಟುನಿಟ್ಟು, ಗಂಡನ ಮನೆಗೆ ಹೋದ್ಮೇಲೆ ಬಾಡು ಬಿಟ್ಟಿದ್ದಾಳೆ. ಏನೂ ಅನ್ನಲಿಲ್ಲ, ಸುಮ್ನೆ ಮೊಸರನ್ನ ಉಪ್ಪಿನಕಾಯಿ ತಿಂದು ಎದ್ದಳು. ಬೈದಿದ್ರೇ ಚೆನ್ನಾಗಿತ್ತು. ಅವತ್ತಿಂದ ನಾನ್‌ವೆಜ್ ಸೌಟಿನ ಹಿಡಿಗೆ ಕೆಂಪು ದಾರ ಕಟ್ಟಿದೀನಿ. ಮಿಕ್ಸಿ ಜಾರು ಒಂದೇ ಸಾಕು, ಮಸಾಲೆಗೆ ಮಾಂಸ ಬೀಳೋದೇ ಇಲ್ವಲ್ಲ. ಆದ್ರೆ ಹಸಿ ಚಿಕನ್ ತೊಳೆಯೋಕೆ ಬೇರೆ ಟಬ್ ಇಟ್ಕೊಳ್ಳಿ, ಸೊಪ್ಪು ತೊಳೆಯೋ ಪಾತ್ರೇಲಿ ಬೇಡ, ಅದು ಮಡಿ ವಿಷಯ ಅಲ್ಲ ಹೊಟ್ಟೆ ವಿಷಯ.

ವಾರದ ದಿನ ಬಸ್ಸಾರು ಮಾಡಿ ಅಕ್ಕ. ಸೊಪ್ಪು ಕಾಳು ಬೇಯಿಸಿ ಬಸಿದ್ರೆ ಆ ನೀರಲ್ಲಿ ಸಾರು, ಕಾಳು ಸೊಪ್ಪಲ್ಲಿ ಪಲ್ಯ, ಒಂದು ಬೇಯಿಸೋದ್ರಲ್ಲಿ ಎರಡು ಆಯ್ತು, ಗ್ಯಾಸೂ ಉಳೀತು. ತಿನ್ನೋರಿಗೆ ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ, ಇಲ್ಲ ಆಮ್ಲೆಟ್ಟು. ಏಳು ರೂಪಾಯಿಲಿ ಅವರ ಪಾಲಿಗೆ ಅದು ನಾನ್‌ವೆಜ್ ಊಟ. ಸೋಮವಾರ ಶನಿವಾರ ನಮ್ಮತ್ತೆ ತಿನ್ನಲ್ಲ, ಶ್ರಾವಣದಲ್ಲಿ ಮನೇಲಿ ಯಾರೂ ತಿನ್ನಲ್ಲ, ಆ ತಿಂಗಳು ನನ್ನ ಲೆಕ್ಕದ ಪುಸ್ತಕ ನೋಡೋಕೇ ಖುಷಿ.

ರೇಷನ್ ಅಕ್ಕಿ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸ್ತೀನಿ. ರೇಷನ್ ಅಕ್ಕಿ ಅನ್ನಕ್ಕೆ ಇಷ್ಟ ಆಗಲ್ಲ ಅಂತ ಮಾರ್ಕೊಳ್ಳೋರು ಇದಾರೆ, ಮಾರ್ಬೇಡಿ. ದೋಸೆ ಇಡ್ಲಿಗೆ ಬಹಳ ಚೆನ್ನಾಗಿರುತ್ತೆ. ಒಂದೇ ಹಿಟ್ಟು, ವೆಜ್ಜಿಗೆ ಆಲೂ ಪಲ್ಯ ಇಟ್ಟು ಮಸಾಲೆ ದೋಸೆ, ಮಗನಿಗೆ ಮೇಲೆ ಮೊಟ್ಟೆ ಒಡೆದು ಎಗ್ ದೋಸೆ. ಅಮ್ಮನ ದೋಸೆ ಮೊದಲು ಹಾಕಿ, ಮೊಟ್ಟೆದು ಕೊನೆಗೆ, ಒಂದೇ ಕಾವಲಿ ಸಾಕು. ಅಮ್ಮ ಅದಕ್ಕೂ ಒಪ್ಪಲ್ಲ ಅಂದ್ರೆ ಒಂದು ಚಿಕ್ಕ ನಾನ್‌ಸ್ಟಿಕ್ ತಗೊಂಡ್ಬಿಡಿ, ಜಗಳಕ್ಕಿಂತ ಅಗ್ಗ.

ಬಸಳೆ ಬಳ್ಳಿ

ನಾವು ಮಂಗಳೂರು ಕಡೆಯವರು. ನಮ್ಮಲ್ಲಿ ಕೋರಿ ಗಸಿಗೂ ಕಡ್ಲೆ ಗಸಿಗೂ ಮಸಾಲೆ ಹೆಚ್ಚುಕಮ್ಮಿ ಒಂದೇ ಉಂಟು ಮಾರಾಯ್ರೆ, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಚೂರು ಮೆಂತೆ, ಬೆಳ್ಳುಳ್ಳಿ, ತೆಂಗಿನಕಾಯಿ. ಒಂದು ಬದಿ ಕಡ್ಲೆ, ಒಂದು ಬದಿ ಕೋಳಿ, ಎರಡಕ್ಕೂ ನೀರುದೋಸೆ. ಬಸಳೆದೂ ಹಾಗೇ, ಅತ್ತೆಗೆ ಅಲಸಂಡೆ ಹಾಕಿ, ಗಂಡಸ್ರಿಗೆ ಸಿಗಡಿ ಹಾಕಿ.

ಮೀನು ತಿಂತಾರಾದ್ರೆ ಬೂತಾಯಿ, ಬಂಗುಡೆ ನೋಡಿ, ಅಂಜಲ್ ಎಲ್ಲ ನಮ್ಮಂಥವರಿಗೆ ಅಲ್ಲ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುದಿಲ್ಲ, ಆಗ ಹಸಿ ಮೀನಿಗೆ ಚಿನ್ನದ ರೇಟು, ಆ ಎರಡು ತಿಂಗಳು ನಮಗೆ ಒಣ ಸಿಗಡಿ ಚಟ್ನಿಯೇ ಗತಿ. ಒಂದು ಮುಷ್ಟಿ ಸಿಗಡಿ ಹುರಿದು, ಕಾಯಿ ಮೆಣಸು ಹುಳಿ ರುಬ್ಬಿ ಕಲಸಿದ್ರೆ ಮೂರು ಜನಕ್ಕೆ ಎರಡು ದಿನ ಬರ್ತದೆ, ಸಾರು ಎಲ್ಲರಿಗೂ ವೆಜ್ಜೇ ಇರಲಿ, ಅವರು ಬದಿಯಲ್ಲಿ ಇದನ್ನು ನೆಂಚಿಕೊಳ್ಳಲಿ. ಆದ್ರೆ ಹುರಿಯುವಾಗ ವಾಸನೆ ಬೀದಿಗೆ ಹೋಗ್ತದೆ. ಬೆಂಗಳೂರಲ್ಲಿ ನಮ್ಮ ಮೊದಲಿನ ಓನರು ಮೇಲಿನಿಂದ ಇಳಿದು ಬಂದು "ಏನೋ ಸುಟ್ಟು ಹೋಗಿದೆ ನೋಡಿ" ಅಂದಿದ್ರು. ನಾನು ಹೌದು ಅಂದೆ.

ಸಾಲಿ ಮಾಸ್ತರ್

ನಾ ಕೊಪ್ಪಳ ಕಡೆ ಮಾಸ್ತರ್ ಅದೀನ್ರಿ. 2021ರ ಡಿಸೆಂಬರ್‌ದಾಗ ನಮ್ಮ ಕಡೆ ಬಿಸಿಯೂಟಕ್ಕ ಮೊಟ್ಟಿ ಕೊಡೂದು ಶುರು ಆದಾಗ ನಾವೂ ತಲಿ ಕೆಡಿಸ್ಕೊಂಡಿದ್ವಿ, ತಿನ್ನೋ ಹುಡುಗ್ರು ತಿನ್ನದ ಹುಡುಗ್ರು ಒಂದ ಸಾಲಿನ್ಯಾಗ ಕುಂದ್ರತಾವ, ಹೆಂಗ ಮಾಡೂದು ಅಂತ. ಏನಿಲ್ರಿ, ಅನ್ನ ಸಾಂಬಾರ್ ಎಲ್ಲಾರಿಗೂ ಒಂದ, ಮೊಟ್ಟಿ ಬ್ಯಾರೆ ಬೋಗಣ್ಯಾಗ ಕುದಿಸಿ ಕಡೀಕ ಹಂಚೂದು, ಒಲ್ಲೆ ಅಂದವರಿಗೆ ಬಾಳಿಹಣ್ಣು. ಅಡಗಿ ಅಕ್ಕಾರು ಅಷ್ಟ ಮಂದಿಗೆ ಮಾಡ್ತಾರಂದ್ರ ಐದು ಮಂದಿಗೆ ಆಗೂದಿಲ್ಲೇನ್ರಿ? ನಮ್ಮ ಮನ್ಯಾಗ ರೊಟ್ಟಿ, ಮಡಿಕಿಕಾಳ ಪಲ್ಯ, ಶೇಂಗಾ ಚಟ್ನಿ ದಿನಾ ಇರತೈತಿ. ಕಾಯಿಪಲ್ಯ ತುಟ್ಟಿ ಆದ ವಾರ ಝುಣಕ, ಕಡ್ಲಿಹಿಟ್ಟು ಉಳ್ಳಾಗಡ್ಡಿ ಇದ್ರ ಆತು.

ಭಾನುವಾರದ ಬಾಣಸಿಗ

ಗಂಡಸರ ಪರವಾಗಿ ಒಂದು ಮಾತು. ಮೈದುನನಿಗೆ ಬಾಡು ಬೇಕು ಅಂದ್ರೆ ಮೈದುನನೇ ಮಾಡ್ಲಿ ಮೇಡಂ. ನಮ್ಮನೇಲಿ ಹೆಂಡ್ತಿ ವೆಜ್ಜು, ಮದ್ವೆಯಾದ ದಿನವೇ ಮಾತಾಗಿದ್ದು, ಮಾಂಸ ತರೋದು ತೊಳೆಯೋದು ಬೇಯಿಸೋದು ಪಾತ್ರೆ ಉಜ್ಜೋದು ಎಲ್ಲ ನಂದು. ಹಂಗೆ ಮಾಡೋಕೆ ಶುರು ಮಾಡಿದ್ಮೇಲೆ ವಾರಕ್ಕೆ ಮೂರು ದಿನ ಇದ್ದಿದ್ದು ತಾನಾಗೇ ಒಂದು ದಿನ ಆಯ್ತು, ನೋಡಿ ಉಳಿತಾಯ ಹೆಂಗೆ.

ಅಗ್ಗದ್ದು ಬೇಕು ಅಂದ್ರೆ ಅಂಗಡೀಲಿ ಲಿವರ್, ಗುಂಡಿಗೆ ಕೇಳಿ, ಪೆಪ್ಪರ್ ಹಾಕಿ ಹುರಿದ್ರೆ ಕಾಲು ಕೆಜಿಲಿ ಮೂರು ಜನ ಆರಾಮು. ಮಟನ್ ಅಂಗಡಿಗೆ ಹೋಗೋದೇ ಬಿಟ್ಟಿದೀವಿ, ಊರಲ್ಲಿ ನಾಲ್ಕೈದು ಮನೆ ಸೇರಿ ಒಂದು ಮರಿ ತಂದು ಗುಡ್ಡೆ ಹಾಕ್ತಾರಲ್ಲ, ಯುಗಾದಿ ಮಾರನೇ ದಿನ ವರ್ಷತೊಡಕಿಗೆ ಅದರಲ್ಲೊಂದು ಪಾಲು. ಗುಡ್ಡೆ ಬಾಡಲ್ಲಿ ಎಲ್ಲ ಭಾಗವೂ ಸ್ವಲ್ಪ ಸ್ವಲ್ಪ ಬರುತ್ತೆ, ಅಂಗಡಿ ರೇಟಿಗಿಂತ ಕಮ್ಮಿನೂ ಬೀಳುತ್ತೆ.

ಕೇಳಿದವಳು

ಎಲ್ರಿಗೂ ಥ್ಯಾಂಕ್ಸ್. ಹೋದ ಭಾನುವಾರ ಮಂಡ್ಯದ ಸೊಸೆ ಹೇಳ್ದಂಗೆ ಮಾಡ್ದೆ. ಹನ್ನೆರಡೂವರೆಗೆ ಅಡುಗೆ ಮುಗೀತು, ನಂಬೋಕಾಗ್ಲಿಲ್ಲ. ಅಮ್ಮ ಆಲೂಗಡ್ಡೆ ಸಾರು ಎರಡು ಸಲ ಹಾಕಿಸ್ಕೊಂಡ್ಲು, ಆಮೇಲೆ ಕೆಂಪು ದಾರದ ಸೌಟು ತನ್ನ ಸೌಟುಗಳ ಪಕ್ಕ ನೇತಾಡ್ತಿದ್ದಿದ್ದು ನೋಡಿ ಮೈದುನನ ಕೈಲಿ ಬಾಗಿಲ ಹಿಂದೆ ಬೇರೆ ಮೊಳೆ ಹೊಡೆಸಿದ್ಲು. ಮಾಸ್ತರ್ ಮಾತು ಯಜಮಾನ್ರಿಗೆ ಓದಿ ಹೇಳಿದೀನಿ, ಬುಧವಾರ ಬರೀ ಮೊಟ್ಟೆ ಅಂತ ಒಪ್ಪಂದ ಆಗಿದೆ. ಬಾಣಸಿಗರ ಮಾತು ಓದಿದಾಗ ಮಾತ್ರ ಇಬ್ರೂ ಟೀವಿ ಸೌಂಡ್ ಜಾಸ್ತಿ ಮಾಡಿದ್ರು.

ಒಂದು ಡೌಟು, ಹುರುಳಿಕಾಳು ಎರಡು ರಾತ್ರಿ ನೀರಲ್ಲಿ ಇಟ್ರೂ ಮೊಳಕೆ ಬರ್ಲಿಲ್ಲ, ನೊರೆ ಬಂದು ವಾಸನೆ ಹೊಡೀತು, ಅದಕ್ಕೇ ಬರೀ ಆಲೂಗಡ್ಡೆ ಹಾಕಿದ್ದು. ಎಲ್ಲಿ ತಪ್ಪಾಯ್ತು?

ಮಂಡ್ಯದ ಸೊಸೆ

ಅಯ್ಯೋ ನೀರಲ್ಲೇ ಬಿಟ್ರೆ ಹುಳೀತದೆ ಅಕ್ಕ! ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಪೂರ್ತಿ ಬಸಿದು, ಒದ್ದೆ ಬಟ್ಟೇಲಿ ಗಂಟು ಕಟ್ಟಿ ಪಾತ್ರೇಲಿಟ್ಟು ಮುಚ್ಚಿಡಿ. ಸಂಜೆ ಒಂದ್ಸಲ ಬಟ್ಟೆ ಮೇಲೆ ನೀರು ಚಿಮುಕಿಸಿ. ಶುಕ್ರವಾರ ರಾತ್ರಿ ನೆನೆಸಿದ್ರೆ ಭಾನುವಾರ ಬೆಳಿಗ್ಗೆಗೆ ಬಿಳೀ ಮೊಳಕೆ ಬಂದಿರುತ್ತೆ, ಚಳಿಗಾಲ ಆದ್ರೆ ಗುರುವಾರನೇ ನೆನೆಸ್ಬೇಕು.