ಹಿಡಿತ 16.5 ಕೆಜಿ, ಮೀನಖಂಡ 34.5 ಸೆಂ.ಮೀ.: ಇದನ್ನು ಸಾರ್ಕೊಪೀನಿಯಾ (ವಯಸ್ಸಾದಂತೆ ಸ್ನಾಯು, ಶಕ್ತಿ ಕುಂದುವುದು) ಅನ್ನಬಹುದಾ?

ತಾಲ್ಲೂಕು_ಫಿಸಿಯೋ:
71 ವರ್ಷದ ಮಹಿಳೆ. ಎತ್ತರ 152 ಸೆಂ.ಮೀ., ತೂಕ 63 ಕೆಜಿ, ಬಿಪಿಗೆ ಆಮ್ಲೋಡಿಪಿನ್. ಸಾರ್ಕೊಪೀನಿಯಾ ಸಂಶಯ ಪತ್ತೆಗೆ ಬಳಸುವ ಸಾರ್ಕ್-ಎಫ್ ಪ್ರಶ್ನಾವಳಿಯಲ್ಲಿ 4 ಅಂಕ, ಬಲಗೈ ಹಿಡಿತ 16.5 ಕೆಜಿ, ಕುರ್ಚಿಯಿಂದ ಐದು ಸಲ ಏಳೋಕೆ 14 ಸೆಕೆಂಡ್. ಯುರೋಪಿನ ತಜ್ಞರ ಮಿತಿಗಳ ಪಟ್ಟಿ ಹಿಡಿದರೆ ಹಿಡಿತ, ಕುರ್ಚಿ ಎರಡರಲ್ಲೂ ಪಾಸು. ಏಷ್ಯಾದ ಪಟ್ಟಿಯಲ್ಲಿ ಎರಡೂ ಫೇಲು. ಮೀನಖಂಡದ ಸುತ್ತಳತೆ ಮಾತ್ರ 34.5, ದಪ್ಪಗೇ ಇದೆ. ಯಾವುದನ್ನು ನಂಬೋದು? ಡೆಕ್ಸಾಗೆ (ಮೂಳೆ, ಸ್ನಾಯು, ಕೊಬ್ಬು ಅಳೆಯುವ ಎಕ್ಸ್-ರೇ ಸ್ಕ್ಯಾನ್) ದೂರ ಕಳಿಸಬೇಕು. ಮನೆಯವರು ತಂದಿರುವ ಮೂಳೆ ಸಾಂದ್ರತೆ ರಿಪೋರ್ಟ್ ಸಾಕಾಗುತ್ತಾ?

ಹಿರಿಯರ_ಓಪಿಡಿ:
ನಮ್ಮವರಿಗೆ ಏಷ್ಯಾದ 2019ರ ಮಿತಿಗಳನ್ನೇ ಹಿಡಿಯಿರಿ. ಹಿಡಿತ ಹೆಂಗಸರಿಗೆ 18, ಗಂಡಸರಿಗೆ 28 ಕೆಜಿಗಿಂತ ಕಡಿಮೆ; ಕುರ್ಚಿಗೆ 12 ಸೆಕೆಂಡ್ ಅಥವಾ ಹೆಚ್ಚು; ನಡಿಗೆ ಸೆಕೆಂಡಿಗೆ 1 ಮೀಟರ್‌ಗಿಂತ ನಿಧಾನ. ಯುರೋಪಿನ ಮಿತಿಗಳು (16, 27 ಕೆಜಿ, 15 ಸೆಕೆಂಡ್) ಇನ್ನೂ ಸಡಿಲ. ಏಷ್ಯಾದ ಆ 2019ರ ಪಟ್ಟಿಯ ಪ್ರಕಾರ ಶಕ್ತಿ ಅಥವಾ ಚಲನೆ ಒಂದು ಕುಂದಿದ್ದರೂ ‘ಸಂಭಾವ್ಯ ಸಾರ್ಕೊಪೀನಿಯಾ’ ಎಂದು ಬರೆದು ವ್ಯಾಯಾಮ, ಆಹಾರ ಶುರು ಮಾಡಬಹುದು. ಡೆಕ್ಸಾಗೆ ಕಾಯುತ್ತಾ ಕೂರಬೇಡಿ, ಅದು ಖಚಿತಪಡಿಸಲು ಮಾತ್ರ.

ಆ ಮೂಳೆ ರಿಪೋರ್ಟ್‌ನಿಂದ ಉಪಯೋಗವಿಲ್ಲ. ಅದು ಸೊಂಟ, ಬೆನ್ನುಮೂಳೆಗೆ ಸೀಮಿತ, ಅದರ ಟಿ-ಸ್ಕೋರ್ (ಮೂಳೆ ಸಾಂದ್ರತೆಯ ಅಂಕ) ಸ್ನಾಯುವಿನ ಬಗ್ಗೆ ಏನೂ ಹೇಳುವುದಿಲ್ಲ. ಚೀಟಿಯಲ್ಲಿ ‘ಇಡೀ ದೇಹದ ಡೆಕ್ಸಾ, ದೇಹ ಸಂಯೋಜನೆ ಸಮೇತ’ ಅಂತ ಸ್ಪಷ್ಟವಾಗಿ ಬರೆಯಿರಿ. ಕೈಕಾಲುಗಳ ಕೊಬ್ಬಿಲ್ಲದ ತೂಕ ಕೂಡಿ ಎತ್ತರದ ವರ್ಗದಿಂದ ಭಾಗಿಸಬೇಕು. ಉದಾಹರಣೆಗೆ ಎರಡೂ ಕೈ ಸೇರಿ 3.1 ಕೆಜಿ, ಎರಡೂ ಕಾಲು ಸೇರಿ 9.2 ಕೆಜಿ ಬಂತೆನ್ನಿ: 12.3 ÷ (1.52 × 1.52) = 5.3. ಹೆಂಗಸರಿಗೆ 5.4ಕ್ಕಿಂತ, ಗಂಡಸರಿಗೆ 7.0ಕ್ಕಿಂತ ಕಡಿಮೆಯಿದ್ದರೆ ಸ್ನಾಯು ಕರಗಿದೆ ಎಂದೇ ಲೆಕ್ಕ.

ಟೇಪು_ಸ್ಟಾಪ್‌ವಾಚು:
ನನಗೆ ಅನುಮಾನ ಇರೋದು ಮೀನಖಂಡದ ಮೇಲೆ. ಆಮ್ಲೋಡಿಪಿನ್ ತಗೊಳ್ಳುವವರಲ್ಲಿ ಕಾಲು ಊದಿಕೊಳ್ಳೋದು ಮಾಮೂಲು. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡ್ ಒತ್ತಿ ಬಿಡಿ. ಗುಳಿ ಉಳಿದರೆ ಟೇಪು ಅಳೆದದ್ದು ನೀರನ್ನೂ ಸೇರಿಸಿ. ಊತ ಇಲ್ಲದಿದ್ದರೂ ಕೊಬ್ಬಿನ ಲೆಕ್ಕ ಇದೆ: ಇವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 27. ಅಮೆರಿಕದ ದತ್ತಾಂಶದಿಂದ ಬಂದ ಒಂದು ತಿದ್ದುಪಡಿಯಂತೆ 25ರಿಂದ 30ರೊಳಗಿನವರಿಗೆ 3 ಸೆಂ.ಮೀ. ಕಳೆಯುತ್ತಾರೆ. ಅಲ್ಲಿಗೆ 31.5, ಏಷ್ಯಾದ 33ರ ಮಿತಿಗಿಂತ ಕೆಳಗೆ.

ಕುರ್ಚಿ ಪರೀಕ್ಷೆ ಹೇಗೆ ಮಾಡಿದಿರಿ? ಕೈಯಾಸರೆ ಇಲ್ಲದ, ಸುಮಾರು 43–45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿ, ಗೋಡೆಗೆ ಒತ್ತಿಟ್ಟದ್ದು, ಕೈ ಎದೆಗೆ ಕಟ್ಟಿರಬೇಕು. ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುತ್ತೆ. ಐದನೇ ಸಲ ಎದ್ದು ನೆಟ್ಟಗೆ ನಿಂತ ಕ್ಷಣಕ್ಕೇ ವಾಚು ನಿಲ್ಲಿಸಬೇಕು. ಮತ್ತೆ ಕೂರುವವರೆಗೆ ಕಾದರೆ ಒಂದೆರಡು ಸೆಕೆಂಡ್ ಸುಮ್ಮನೆ ಸೇರಿಕೊಳ್ಳುತ್ತೆ. ಮಂಡಿ ಸವೆದವರಲ್ಲಿ ಈ ಪರೀಕ್ಷೆ ನೋವನ್ನು ಅಳೆಯುತ್ತೆ, ಶಕ್ತಿಯನ್ನಲ್ಲ. ಅಂಥವರಿಗೆ ಹಿಡಿತವೇ ಗತಿ. ಅದನ್ನೂ ಒಂದೇ ಕೈಯಲ್ಲಿ ನೋಡಿದರೆ ಸಾಲದು. ಹಿಡಿತ ಅಳೆಯುವ ಉಪಕರಣ ಜಾಮಾರ್ ಆದರೆ ಕೂರಿಸಿ, ಮೊಣಕೈ 90 ಡಿಗ್ರಿ ಮಡಿಸಿ, ಎರಡೂ ಕೈಯಲ್ಲಿ ಕನಿಷ್ಠ ಎರಡು ಸಲ, ಅತಿ ಹೆಚ್ಚು ಬಂದದ್ದನ್ನು ಬರೆದುಕೊಳ್ಳಿ.

ಮೆಡಿಸಿನ್_ಡ್ಯೂಟಿ:
ವಯಸ್ಸಿನ ತಲೆಗೆ ಕಟ್ಟುವ ಮುಂಚೆ ಬೇರೆ ಕಾರಣ ನೋಡಿ. ಸ್ಟ್ಯಾಟಿನ್, ಸ್ಟೀರಾಯ್ಡ್ ಮಾತ್ರೆ ಇದೆಯಾ ಕೇಳಿ. ಟಿಎಸ್‌ಎಚ್ (ಥೈರಾಯ್ಡ್), ವಿಟಮಿನ್ ಡಿ, ಬಿ12, ಎಚ್‌ಬಿಎ1ಸಿ (ಸಕ್ಕರೆ), ಪೊಟ್ಯಾಸಿಯಂ, ಸಿಕೆ (ಸ್ನಾಯು ಹಾನಿ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ತಲೆ ಬಾಚೋಕೂ ಕಷ್ಟವಾಗಿ ಸಿಕೆ ಏರಿದ್ದರೆ ಅದು ಸ್ನಾಯುರೋಗದ ದಾರಿ. ಒಂದೇ ಬದಿ ಸೋತಿದ್ದರೆ ನರರೋಗ ತಜ್ಞರಿಗೆ ಕಳಿಸಿ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಟಿಬಿ, ಕ್ಯಾನ್ಸರ್ ಹುಡುಕಬೇಕು.

ಪ್ರೋಟೀನ್ ಹೆಚ್ಚಿಸುವಾಗ ಒಂದು ಎಚ್ಚರ: ಮೂತ್ರಪಿಂಡ ಸರಿಯಿದೆಯಾ ನೋಡಿ, ಆದರೆ ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ. ಕ್ರಿಯಾಟಿನಿನ್ ಹುಟ್ಟೋದೇ ಸ್ನಾಯುವಿನಿಂದ. ಸ್ನಾಯು ಕಡಿಮೆ ಇದ್ದವರಲ್ಲಿ ಮೂತ್ರಪಿಂಡ ಕೆಟ್ಟಿದ್ದರೂ 0.8 ಅಂತ ಚೆಂದ ಬರಬಹುದು. ಸಂಶಯವಿದ್ದರೆ ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ರಕ್ತಪರೀಕ್ಷೆ ನೋಡಿ.

ತಾಲ್ಲೂಕು_ಫಿಸಿಯೋ:
ಒತ್ತಿ ನೋಡಿದೆ, ಎರಡೂ ಕಾಲಲ್ಲಿ ಗುಳಿ ಬೀಳ್ತಿದೆ ಸರ್. ಎಡಗೈ ಹಿಡಿತ 15. ಆಮ್ಲೋಡಿಪಿನ್ ನಿಲ್ಲಿಸಿ ಮತ್ತೆ ಅಳೆಯೋದಾ?

ಟೇಪು_ಸ್ಟಾಪ್‌ವಾಚು:
ಅಳತೆಗೋಸ್ಕರ ಮಾತ್ರೆ ಮುಟ್ಟಬೇಡಿ, ಬದಲಿಸೋದು ಅವರ ಡಾಕ್ಟರ ಕೆಲಸ. ಮೀನಖಂಡವನ್ನು ಲೆಕ್ಕದಿಂದಲೇ ಬಿಡಿ. ಹಿಡಿತ 16.5, ಕುರ್ಚಿ 14: ‘ಸಂಭಾವ್ಯ’ ಅಂತ ಬರೆಯೋಕೆ ಇಷ್ಟು ಸಾಕು. ಊತ ಮಾತ್ರೆಯದ್ದೇ ಅಂತ ತೀರ್ಮಾನಿಸದೆ ಹೃದಯ, ಮೂತ್ರದ ಆಲ್ಬುಮಿನ್ ಒಮ್ಮೆ ನೋಡಿಸಿ.